ಮಕ್ಕಳ ತೋಟದ ತೋಟಗಾರ – ಫ್ರೋಬೆಲ್

ಆಟಪಾಠಗಳೆಂಬ ಎರಡು ಶಬ್ದಗಳನ್ನು ನಮ್ಮ ನುಡಿಯು ಜೊತೆಗೂಡಿಸಿಯೇ ಆಡುತ್ತ ಬಂದಿದೆ. ಆದರೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಇವೆರಡೂ ಸವತಿಯರಂತೆ ಬಾಳುವುದನ್ನು ನಾವು ದಿನವೂ ಕಾಣುತ್ತೇವೆ. ಒಂದು ಗಂಟೆ ಬಾರಿಸಿದರೆ ಪಾಠ, ಮತ್ತೊಂದು ಗಂಟೆ ಬಾರಿಸಿದರೆ ಆಟ. ಒಂದು ಒಳಗೆ ಬಂದಾಗ ಇನ್ನೊಂದು ಹೊಸ್ತಿಲಾಚೆಗೆ ನಿಲ್ಲಬೇಕು. ಇವನ್ನು ಒಂದೇ ಮಣೆಯ ಮೇಲೆ ಕುಳ್ಳಿರಿಸುವುದು ಸಾಧ್ಯವೆ? ಸಾಧ್ಯವಾದರೆ ಎಂತು?

ಈ ಪ್ರಶ್ನೆಯು ನಮಗೆ ಪುಸ್ತಕದಿಂದ ಬಂದುದಲ್ಲ. ಕಾಸರಗೋಡಿನ ಈ ಸೀಮೆಯಲ್ಲಿ ಮಕ್ಕಳ ನಾಲಗೆಯ ಮೇಲೆ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿಗಳೆಲ್ಲ ನಲಿದಾಡುತ್ತವೆ. 1956ನೆಯ ಇಸವಿಯ ನವೆಂಬರ್ 1ರಂದು ಈ ನೆಲವು ಕೇರಳ ರಾಜ್ಯಕ್ಕೆ ಸೇರಿದಂದಿನಿಂದ, ಕನ್ನಡವನ್ನು ಎಳೆಯರ ಬಾಯಲ್ಲಿ ಉಳಿಸುವ ಹೊಣೆಯು ನಮ್ಮ ಶಾಲೆಗಳ ಮೇಲೂ ಸಂಘಗಳ ಮೇಲೂ ಬಿದ್ದಿದೆ. ಅದಕ್ಕೆಂದೇ ಕೆಲವು ವರ್ಷಗಳ ಹಿಂದೆ ರಜೆಯ ಶಿಬಿರವೊಂದಕ್ಕಾಗಿ ನಾವು ಒಂದು ಆಟವನ್ನು ಕಟ್ಟಿದೆವು. ರಟ್ಟಿನ ಮೇಲೆ ಮನೆಗಳನ್ನು ಬರೆದು, ಕವಡೆ ಹಾಕಿ ಕಾಯಿ ನಡೆಸುವ ಆಟವದು. ಕಾಯಿ ನಿಂತ ಮನೆಯಲ್ಲೊಂದು ಪ್ರಶ್ನೆ: ಈ ಸಂಧಿಯನ್ನು ಬಿಡಿಸು, ಈ ತತ್ಸಮಕ್ಕೆ ತದ್ಭವವನ್ನು ಹೇಳು. ಉತ್ತರ ಬಂದರೆ ಮುಂದಕ್ಕೆ, ಬಾರದಿದ್ದರೆ ಹಿಂದಕ್ಕೆ. ಮೊದಲ ದಿನ ಮಕ್ಕಳು ಮುತ್ತಿಕೊಂಡರು. ಎರಡನೆಯ ದಿನ ಇಬ್ಬರು ಮೂವರು ಉಳಿದರು. ಮೂರನೆಯ ದಿನ ರಟ್ಟು ಜಗಲಿಯ ಮೂಲೆಯಲ್ಲಿತ್ತು. ಮಕ್ಕಳೆಲ್ಲ ಅಜ್ಜಿಯೊಬ್ಬರು ತಂದಿರಿಸಿದ್ದ ಚೆನ್ನೆಮಣೆಯ ಸುತ್ತ ಕುಳಿತಿದ್ದರು. ಅದು ಕವಡೆ ಕಟ್ಟಿಕೊಂಡು ಬಂದ ಪರೀಕ್ಷೆಯೇ ಹೊರತು ಆಟವಲ್ಲವೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಮುಖಕ್ಕೇ ಹೇಳಿಬಿಟ್ಟಳು.

ಚೆನ್ನೆಮಣೆಯನ್ನು ನಾವು ಆ ದಿನ ಹೊಸ ಕಣ್ಣಿನಿಂದ ನೋಡಿದೆವು. ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಕೈಯಲ್ಲಿ ಹಿಡಿದ ಬೀಜಗಳಲ್ಲಿ ಕಡೆಯದು ಯಾವ ಗುಳಿಯಲ್ಲಿ ಬೀಳುವುದೆಂದು ಕಣ್ಣಂದಾಜಿನಲ್ಲಿ ಎಣಿಸಬಲ್ಲವನೇ ಅಲ್ಲಿ ಗೆಲ್ಲುತ್ತಾನೆ. ಲೆಕ್ಕವನ್ನು ಆ ಮಣೆಯ ಮೇಲೆ ಯಾರೂ ಬರೆದಿಲ್ಲ. ಆದರೂ ಲೆಕ್ಕವಿಲ್ಲದೆ ಒಂದು ಹೆಜ್ಜೆಯೂ ನಡೆಯದು. ನಮ್ಮ ರಟ್ಟಿನ ಆಟಕ್ಕೂ ಇದಕ್ಕೂ ಇರುವ ಅಂತರವನ್ನು ಅರಸುತ್ತ ಹೋದಾಗ, ಎರಡು ಶತಮಾನಗಳ ಹಿಂದೆ ಇದೇ ಗುಟ್ಟನ್ನು ಅರಸಿ ಬಾಳನ್ನೇ ಸವೆಸಿದ ಜರ್ಮನಿಯ ಮಹನೀಯನೊಬ್ಬನ ಚರಿತ್ರೆಯು ನಮ್ಮ ನೆನಪಿಗೆ ಬಂದಿತು. ಶಿಕ್ಷಣಶಾಸ್ತ್ರ ಓದಿದವರೆಲ್ಲ ಅವನ ಹೆಸರನ್ನು ಕೇಳಿದ್ದಾರೆ. ಅವನ ಬಾಳನ್ನು ಬಲ್ಲವರು ಕಡಮೆ. ಸಂಘದ ಈ ವಾರ್ಷಿಕ ಸಂಚಿಕೆಯ ಮೂಲಕ ಅದನ್ನು ವಾಚಕರ ಮುಂದಿರಿಸುತ್ತಿದ್ದೇವೆ.

ಫ್ರೀಡ್ರಿಕ್ ಫ್ರೋಬೆಲನು 1782ನೆಯ ಇಸವಿಯ ಏಪ್ರಿಲ್ 21ರಂದು ಜರ್ಮನಿಯ ತೂರಿಂಗಿಯ ಪ್ರಾಂತದ ಓಬರ್‌ವೈಸ್‌ಬಾಖ್ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದನು. ತಂದೆ ಅಲ್ಲಿನ ಪಾದ್ರಿ. ಮಗುವಿಗೆ ಒಂಬತ್ತು ತಿಂಗಳು ತುಂಬುತ್ತಿದ್ದಾಗ ತಾಯಿ ತೀರಿಕೊಂಡಳು. ಮಲತಾಯಿ ಬಂದ ಹೊಸತರಲ್ಲಿ ಮಗುವನ್ನು ಅಕ್ಕರೆಯಿಂದ ಕಂಡಳಾದರೂ, ತನ್ನ ಹೊಟ್ಟೆಯಲ್ಲಿ ಮಗ ಹುಟ್ಟಿದ ಮೇಲೆ ದೂರವಿರಿಸಿದಳು. ತಂದೆಗೆ ಚರ್ಚಿನ ಕೆಲಸವೇ ಮುಗಿಯದು. ಹೀಗೆ ತುಂಬಿದ ಮನೆಯಲ್ಲಿ ಒಂಟಿಯಾದ ಬಾಲಕನು ತೋಟದ ಗಿಡಗಳನ್ನೂ ಹೂಗಳನ್ನೂ ಸಂಗಾತಿಗಳನ್ನಾಗಿ ಮಾಡಿಕೊಂಡನು. ತಂದೆಯು ಅವನನ್ನು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕುಳ್ಳಿರಿಸಿದ್ದುಂಟು. ಆಡುವ ವಯಸ್ಸಿನಲ್ಲಿ ಆಡಲು ಜೊತೆಯಿಲ್ಲದಿದ್ದವನೇ ಮುಂದೆ ಜಗತ್ತಿನ ಮಕ್ಕಳಿಗೆ ಆಟವನ್ನು ಕೊಟ್ಟನೆಂಬುದು ವಿಧಿಯ ವಿಚಿತ್ರವೇ ಸರಿ.

ಹತ್ತನೆಯ ವಯಸ್ಸಿನಲ್ಲಿ ಸೋದರಮಾವನು ಅವನನ್ನು ಷ್ಟಾಟ್‌ಇಲ್ಮ್ ಎಂಬ ಪಟ್ಟಣದ ತನ್ನ ಮನೆಗೆ ಕರೆದೊಯ್ದನು. ಅಲ್ಲಿ ಮೊದಲ ಬಾರಿಗೆ ಓರಗೆಯ ಹುಡುಗರೊಡನೆ ಓಡಿ ಆಡುವ ಸುಖವು ದೊರೆಯಿತು. ಆದರೆ ಬಾಳಿನ ದಾರಿ ಮಾತ್ರ ಬಹುಕಾಲ ಕಾಣಿಸಲಿಲ್ಲ. 1797ರಿಂದ ಎರಡು ವರ್ಷ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತನು. 1799ರಲ್ಲಿ ಯೇನಾ ವಿದ್ಯಾಪೀಠವನ್ನು ಸೇರಿದನು. ಅಲ್ಲಿ ಸಾಲ ತೀರಿಸಲಾರದೆ ವಿದ್ಯಾಪೀಠದ ಸೆರೆಮನೆಯಲ್ಲಿ ಒಂಬತ್ತು ವಾರ ಕಳೆದು ಊರಿಗೆ ಮರಳಿದನು. ಭೂಮಿ ಅಳೆದನು, ಲೆಕ್ಕ ಬರೆದನು. 1805ರಲ್ಲಿ ವಾಸ್ತುಶಿಲ್ಪ ಕಲಿಯಬೇಕೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದಾಗ ಗ್ರೂನರ್ ಎಂಬ ಶಾಲಾಧಿಪತಿಯು ಅವನನ್ನು ಕಂಡು, ಕಟ್ಟಡ ಕಟ್ಟುವ ಕೆಲಸ ಬಿಟ್ಟು ಮಕ್ಕಳಿಗೆ ಕಲಿಸಲು ಬಾ ಎಂದು ಕರೆದನು. ತರಗತಿಯ ಮುಂದೆ ನಿಂತ ಮೊದಲ ದಿನವೇ ಫ್ರೋಬೆಲನಿಗೆ ತಾನು ಎಲ್ಲಿಯವನೆಂಬುದು ತಿಳಿದುಹೋಯಿತು.

ಆ ಕಾಲದ ದೊಡ್ಡ ಗುರು ಪೆಸ್ಟಲಾಜಿಯು ಸ್ವಿಟ್ಜರ್ಲೆಂಡಿನ ಈವರ್‌ಡನ್ನಿನಲ್ಲಿ ಶಾಲೆ ನಡೆಸುತ್ತಿದ್ದನು. ಬಾಯಿಪಾಠವನ್ನು ಬದಿಗಿರಿಸಿ, ವಸ್ತುವನ್ನು ಕಣ್ಣಾರೆ ಕಂಡು ಕಲಿಯಬೇಕೆಂಬುದು ಅವನ ಪಂಥ. ಫ್ರೋಬೆಲನು ಮೂವರು ಶಿಷ್ಯಬಾಲಕರೊಡನೆ 1808ರಿಂದ 1810ರ ವರೆಗೆ ಅಲ್ಲಿಯೇ ನಿಂತು ಎಲ್ಲವನ್ನೂ ನೋಡಿದನು. ಗುರುವಿನಲ್ಲಿ ಭಕ್ತಿ ಬೆಳೆಯಿತಾದರೂ ಒಂದು ಕೊರತೆ ಮನಸ್ಸಿಗೆ ತೋರಿತು. ಮಗು ನೋಡುತ್ತದೆ, ಸರಿ. ಆದರೆ ಅದು ಮಾಡುವುದು ಏನನ್ನು? ಕಂಡದ್ದನ್ನು ಒಡೆದು ಕೂಡಿಸಿ ಹೊಸದೊಂದನ್ನು ಕಟ್ಟುವ ಕೈಗೆ ಅಲ್ಲಿ ಕೆಲಸ ಸಾಲದೆಂದು ಅವನಿಗೆ ಅನಿಸಿತು.

ಮುಂದಿನದು ಶಿಕ್ಷಣದ ಚರಿತ್ರೆಯಲ್ಲಿ ಅಪರೂಪವಾದ ತಿರುವು. 1811ರಲ್ಲಿ ಗೋಟಿಂಗೆನ್ನಿಗೂ 1812ರಲ್ಲಿ ಬರ್ಲಿನ್ನಿಗೂ ಹೋದ ಫ್ರೋಬೆಲನು ವೈಸ್ ಎಂಬ ಪ್ರಾಧ್ಯಾಪಕನ ಬಳಿ ಸ್ಫಟಿಕಶಾಸ್ತ್ರವನ್ನು ಕಲಿತನು. 1813ರಲ್ಲಿ ನೆಪೋಲಿಯನ್ನನ ವಿರುದ್ಧ ಹೋರಾಡಲು ಸ್ವಯಂಸೇವಕರ ಪಡೆಯನ್ನು ಸೇರಿದನು. ಅಲ್ಲಿ ಬಾಳಿನುದ್ದಕ್ಕೂ ಹೆಗಲು ಕೊಟ್ಟ ಮಿಡೆನ್‌ಡಾರ್ಫ್ ಮತ್ತು ಲಾಂಗೆತಾಲ್ ಎಂಬ ಗೆಳೆಯರು ದೊರೆತರು. ಯುದ್ಧದಿಂದ ಮರಳಿ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ವೈಸನ ಸಹಾಯಕನಾದನು. ಹರಳುಗಳ ನಡುವೆ ದಿನಗಳನ್ನು ಕಳೆಯುತ್ತ, ಒರಟಾದ ಕಲ್ಲಿನೊಳಗೂ ನಿಯಮವೊಂದು ಅಡಗಿದ್ದು ಒಳಗಿನಿಂದಲೇ ಅದು ಅಂಚನ್ನೂ ಮುಖವನ್ನೂ ಬೆಳೆಸುವುದನ್ನು ಕಂಡನು. ಹೊರಗಿನಿಂದ ಕೆತ್ತಿದರೆ ಹರಳು ಬೆಳೆಯದು. ಮಗುವೂ ಅಂತೆಯೇ ಎಂಬ ಭಾವನೆ ಅವನಲ್ಲಿ ಬೇರೂರಿತು. ಮುಂದೆ ಅವನು ಮಕ್ಕಳ ಕೈಗೆ ಕೊಟ್ಟ ಮರದ ತುಂಡುಗಳ ನೇರವಾದ ಅಂಚುಗಳಲ್ಲಿ ಈ ಸಂಗ್ರಹಾಲಯದ ನೆನಪು ಉಳಿದಿದೆ.

ಅವನ ಅಣ್ಣನೊಬ್ಬನು 1813ರಲ್ಲಿ ಗಾಯಗೊಂಡ ಸೈನಿಕರ ಆರೈಕೆ ಮಾಡುತ್ತ ಜ್ವರ ತಗಲಿ ಮಡಿದಿದ್ದನು. ತಬ್ಬಲಿಗಳಾದ ಮಕ್ಕಳ ವಿದ್ಯಾಭ್ಯಾಸದ ಚಿಂತೆಯು ಫ್ರೋಬೆಲನನ್ನು ಉದ್ಯೋಗ ಬಿಡಿಸಿತು. 1816ರಲ್ಲಿ ಗ್ರೀಸ್‌ಹೈಮ್ ಎಂಬಲ್ಲಿ ಅಣ್ಣಂದಿರ ಐವರು ಮಕ್ಕಳಿಂದಲೇ ಶಾಲೆಯನ್ನು ತೆರೆದನು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು. ಬೆಟ್ಟ ಹತ್ತುವುದು, ತೋಟದಲ್ಲಿ ದುಡಿಯುವುದು, ಮರದ ತುಂಡುಗಳಿಂದ ಕೋಟೆ ಸೇತುವೆಗಳನ್ನು ಕಟ್ಟುವುದು ಅಲ್ಲಿನ ಪಾಠದ ಅಂಗಗಳಾದವು. 1818ರಲ್ಲಿ ಬರ್ಲಿನ್ನಿನ ಸಿರಿವಂತ ಮನೆತನದ ಹೆನ್ರಿಯೆಟ್ಟೆ ಎಂಬಾಕೆಯು ಅವನ ಕೈಹಿಡಿದು, ಆ ಹಳ್ಳಿಯ ಬಡತನವನ್ನು ನಗುತ್ತ ಹಂಚಿಕೊಂಡಳು. 1826ರಲ್ಲಿ ಅವನ ಮುಖ್ಯ ಗ್ರಂಥವಾದ ಮಾನವನ ಶಿಕ್ಷಣವು ಪ್ರಕಟವಾಯಿತು. ಆದರೆ ಅದು ಜರ್ಮನಿಯ ಅರಸರು ಹೊಸ ಆಲೋಚನೆಯೆಂದರೆ ಬೆಚ್ಚುತ್ತಿದ್ದ ಕಾಲ. ಶಾಲೆಯ ಮೇಲೆ ರಾಜದ್ರೋಹದ ಸಂಶಯ ಹುಟ್ಟಿತು. ತನಿಖೆಗೆ ಬಂದ ಅಧಿಕಾರಿಯು ಮೆಚ್ಚಿ ವರದಿ ಬರೆದರೂ ಪಾಲಕರ ಅಂಜಿಕೆ ಹೋಗಲಿಲ್ಲ. ಮಕ್ಕಳ ಸಂಖ್ಯೆ ಇಳಿಯಿತು, ಸಾಲ ಏರಿತು.

1831ರಲ್ಲಿ ಫ್ರೋಬೆಲನು ಸ್ವಿಟ್ಜರ್ಲೆಂಡಿಗೆ ತೆರಳಿ ಶಾಲೆಗಳನ್ನು ತೆರೆದನು. 1835ರಲ್ಲಿ ಬುರ್ಗ್‌ಡಾರ್ಫಿನ ಅನಾಥಾಲಯದ ಆಡಳಿತವು ಅವನ ಕೈಗೆ ಬಂದಿತು. ಅಲ್ಲಿ ಎಳೆಯ ಮಕ್ಕಳನ್ನು ದಿನವಿಡೀ ನೋಡುತ್ತಿದ್ದಾಗ ಒಂದು ಸತ್ಯ ಅವನಿಗೆ ಹೊಳೆಯಿತು. ಏಳನೆಯ ವಯಸ್ಸಿಗೆ ಶಾಲೆಗೆ ಬರುವ ಹೊತ್ತಿಗೆ ಮಗುವಿನ ಮನಸ್ಸಿನ ಅಡಿಪಾಯ ಆಗಲೇ ಬಿದ್ದಿರುತ್ತದೆ. ಆ ಅಡಿಪಾಯವನ್ನು ಹಾಕುವುದು ಗುರುವಲ್ಲ, ಪುಸ್ತಕವಲ್ಲ, ಆಟ. ಹಾಗಾದರೆ ಆ ಆಟಕ್ಕೆ ತಕ್ಕ ಸಾಮಗ್ರಿಯನ್ನು ಯೋಚಿಸಿ ಕೊಟ್ಟವರು ಯಾರು? ಯಾರೂ ಇಲ್ಲ. ಆ ಕೆಲಸವನ್ನು ತಾನೇ ಮಾಡುವೆನೆಂದು, ಐವತ್ತೈದರ ಹರೆಯದಲ್ಲಿ, 1837ರಲ್ಲಿ ತೂರಿಂಗಿಯದ ಬ್ಲಾಂಕೆನ್‌ಬುರ್ಗ್ ಪಟ್ಟಣಕ್ಕೆ ಬಂದು ನೆಲೆಸಿದನು.

ಇಲ್ಲಿ ಅವನು ರಚಿಸಿದ ಆಟದ ಸಾಮಗ್ರಿಗೆ ಕೊಡುಗೆಗಳೆಂದು ಹೆಸರಾಯಿತು. ಮೊದಲನೆಯ ಕೊಡುಗೆಯು ಆರು ಬಣ್ಣಗಳ ಆರು ಮೆತ್ತನೆಯ ನೂಲುಚೆಂಡು. ಪ್ರತಿಯೊಂದಕ್ಕೂ ಒಂದು ದಾರ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮೇಲೆ, ಕೆಳಗೆ, ಇದೆ, ಇಲ್ಲ ಎಂಬ ಮಾತುಗಳನ್ನು ಮಗು ಚೆಂಡಿನೊಡನೆಯೇ ಕಲಿಯುತ್ತದೆ. ಎರಡನೆಯದು ಮರದ ಗೋಲ, ಘನ ಮತ್ತು ಉರುಳೆ. ಗೋಲವು ನಿಲ್ಲದು, ಘನವು ಉರುಳದು. ಎರಡರ ಗುಣವೂ ಉಳ್ಳ ಉರುಳೆಯು ಅವನ್ನು ಬೆಸೆಯುತ್ತದೆ. ಮೂರನೆಯದು ಎರಡಂಗುಲದ ಒಂದು ಘನ. ಅದನ್ನು ಅಂಗುಲದಳತೆಯ ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದು. ನಾಲ್ಕನೆಯದರಲ್ಲಿ ಅದೇ ಗಾತ್ರವು ಎಂಟು ಇಟ್ಟಿಗೆಗಳಾಗಿದೆ. ಐದನೆಯದರಲ್ಲಿ ಮೂರಂಗುಲದ ಘನವು ಇಡಿ, ಅರೆ, ಕಾಲು ತುಂಡುಗಳು ಸೇರಿ 39 ಚೂರುಗಳಾಗುತ್ತದೆ. ಇವುಗಳ ಜೊತೆಗೆ ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಮನೆ ಕಟ್ಟುವುದು, ಜೇಡಿಮಣ್ಣನ್ನು ನಾದುವುದು ಮೊದಲಾದ ಕೈಗೆಲಸಗಳಿದ್ದವು.

ವಾಚಕರು ಮೂರನೆಯ ಕೊಡುಗೆಯ ಎದುರು ಒಂದು ಗಳಿಗೆ ನಿಲ್ಲಬೇಕು. ಫ್ರೋಬೆಲನ ಜಾಣ್ಮೆಯೆಲ್ಲ ಅಲ್ಲಿದೆ. ಎಂಟು ತುಂಡುಗಳು ಜಾರುಮುಚ್ಚಳದ ಪೆಟ್ಟಿಗೆಯೊಳಗಿರುತ್ತವೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲಿರಿಸಿ, ಮುಚ್ಚಳವನ್ನು ಮೆಲ್ಲನೆ ಎಳೆದು, ಪೆಟ್ಟಿಗೆಯನ್ನು ಮೇಲೆತ್ತಿದರೆ ಒಂದೂ ಚದರದೆ ಇಡಿಯ ಘನವು ನಿಲ್ಲುತ್ತದೆ. ಮಗು ಮೊದಲು ಕಾಣುವುದು ಇಡಿಯನ್ನು. ಅನಂತರ ಬಿಡಿಸುತ್ತದೆ. ಅದೇ ಎಂಟು ತುಂಡುಗಳಿಂದ ಕುರ್ಚಿ, ಮೆಟ್ಟಿಲು, ಸೇತುವೆ ಕಟ್ಟಿದರೆ ಅದು ಬಾಳಿನ ರೂಪ. ನಡುವಿನ ಸುತ್ತ ಹೂವಿನಂತೆ ಜೋಡಿಸಿದರೆ ಅದು ಸೊಬಗಿನ ರೂಪ. ಎರಡು ಅರೆ, ನಾಲ್ಕು ಕಾಲು, ಎಂಟು ಅರೆಕಾಲು ಎಂದು ಇಟ್ಟು ನೋಡಿದರೆ ಅದು ಅರಿವಿನ ರೂಪ. ಆಡುವುದಕ್ಕೆ ನಿಯಮಗಳು ಕೆಲವೇ. ಕಟ್ಟುವಾಗ ಎಂಟನ್ನೂ ಬಳಸಬೇಕು, ಒಂದನ್ನೂ ಹೊರಗೆ ಬಿಡಕೂಡದು. ಒಂದನ್ನು ಕೆಡವಿ ಇನ್ನೊಂದನ್ನು ಕಟ್ಟಕೂಡದು. ತುಂಡುಗಳನ್ನು ಸರಿಸುತ್ತ ಕುರ್ಚಿಯನ್ನೇ ಮೆಟ್ಟಿಲಾಗಿಸಬೇಕು. ಆಟ ಮುಗಿದಾಗ ಮತ್ತೆ ಇಡಿಯ ಘನವನ್ನು ಮಾಡಿ ಪೆಟ್ಟಿಗೆಗೆ ಸೇರಿಸಬೇಕು.

ಈ ನಿಯಮಗಳಲ್ಲಿ ಒಂದಾದರೂ ಪ್ರಶ್ನೆಯಂತೆ ಕೇಳುವುದೆ? ಇಲ್ಲ. ಆದರೂ ಭಿನ್ನರಾಶಿ, ಸಮತೂಕ, ಅಂದ, ಅಚ್ಚುಕಟ್ಟು ಇವೆಲ್ಲ ಆ ತುಂಡುಗಳ ಅಳತೆಯಲ್ಲಿಯೇ ಅಡಗಿವೆ. ಎಂಟೂ ಸಮನಾಗಿಲ್ಲದಿದ್ದರೆ ಸೇತುವೆ ನಿಲ್ಲದು. ಆ ತಪ್ಪನ್ನು ಗುರು ಹೇಳಬೇಕಾಗಿಲ್ಲ, ಬಿದ್ದ ಸೇತುವೆಯೇ ಹೇಳುತ್ತದೆ. ಏನನ್ನು ಕಟ್ಟಬೇಕೆಂಬ ಆಯ್ಕೆ ಮಗುವಿನದು; ಎಂತು ಕಟ್ಟಿದರೆ ನಿಲ್ಲುವುದೆಂಬ ನಿಯಮ ಮರದ್ದು. ಆಟಕ್ಕೂ ಪಾಠಕ್ಕೂ ಸಮತೂಕವನ್ನು ಫ್ರೋಬೆಲನು ಸಾಧಿಸಿದ್ದು ಹೀಗೆ. ನಮ್ಮ ರಟ್ಟಿನ ಆಟದಲ್ಲಿ ಪಾಠವು ಆಟದ ನೆತ್ತಿಯ ಮೇಲೆ ಕುಳಿತಿತ್ತು. ಅವನ ಆಟದಲ್ಲಿ ಅದು ಹಾಲಿನೊಳಗಿನ ಬೆಣ್ಣೆಯಂತೆ ಬೆರೆತಿತ್ತು.

1839ರಲ್ಲಿ ಹೆನ್ರಿಯೆಟ್ಟೆಯು ಕಣ್ಮರೆಯಾದಳು. ಆ ದುಃಖದ ಮರುವರ್ಷವೇ ಅವನ ಸಂಸ್ಥೆಗೆ ಹೆಸರು ದೊರೆಯಿತು. ಗೆಳೆಯರೊಡನೆ ಬೆಟ್ಟದ ದಾರಿಯಲ್ಲಿ ಬ್ಲಾಂಕೆನ್‌ಬುರ್ಗಿಗೆ ಇಳಿಯುತ್ತಿದ್ದಾಗ, ಕೆಳಗಿನ ಕಣಿವೆಯು ತೋಟದಂತೆ ಹರಡಿದ್ದುದನ್ನು ಕಂಡು ಆ ಹೆಸರು ಥಟ್ಟನೆ ಹೊಳೆಯಿತೆಂದು ಪ್ರತೀತಿ. ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಆ ಜರ್ಮನ್ ಶಬ್ದವು 1840ನೆಯ ಇಸವಿಯ ಜೂನ್ 28ರಂದು ಲೋಕಕ್ಕೆ ಪ್ರಕಟವಾಯಿತು. ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ, ಎಲ್ಲರಿಗೂ ಸೇರಿ ದೊಡ್ಡ ಪಾತಿ ಅಲ್ಲಿದ್ದವು. 1844ರಲ್ಲಿ ತಾಯಂದಿರಿಗಾಗಿ ಬೆರಳಾಟಗಳ ಹಾಡಿನ ಪುಸ್ತಕವೂ ಹೊರಬಂದಿತು. ಆದರೆ ಹಣ ಕೂಡಲಿಲ್ಲ. ಪಾಲುಗಳನ್ನು ಮಾರಿ ಸಂಸ್ಥೆಯನ್ನು ನಡೆಸುವ ಯೋಜನೆಗೆ ಕೊಳ್ಳುವವರು ಸಾಲದಾದರು. ಫ್ರೋಬೆಲನು ಆಟದ ಪೆಟ್ಟಿಗೆಗಳನ್ನು ಹೊತ್ತು ಊರೂರು ತಿರುಗಿ, ತಾಯಂದಿರ ಮುಂದೆಯೂ ಉಪಾಧ್ಯಾಯರ ಮುಂದೆಯೂ ಆಡಿ ತೋರಿಸಿದನು. ಎಳೆಯರ ಗುರುವಾಗಲು ಹೆಣ್ಣುಮಕ್ಕಳೇ ಯೋಗ್ಯರೆಂದು ಅವರನ್ನು ತರಬೇತುಗೊಳಿಸಿದನು. ಅಂದಿನ ಹೆಂಗಸರಿಗೆ ಗೌರವದ ಒಂದು ವೃತ್ತಿಯೇ ಹೀಗೆ ತೆರೆಯಿತು.

1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಊರಿನಲ್ಲಿ ಹಳ್ಳಿಯ ಮಕ್ಕಳೊಡನೆ ಕೈಹಿಡಿದು ಕುಣಿಯುತ್ತಿದ್ದ ನೀಳಗೂದಲ ಮುದುಕನನ್ನು ಊರವರು ಹುಚ್ಚನೆಂದು ನಗುತ್ತಿದ್ದರು. ಆ ನಗೆಯನ್ನು ಕೇಳಿ ಕುತೂಹಲಗೊಂಡು ನೋಡಲು ಬಂದ ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಸಿರಿವಂತ ಮಹಿಳೆಯು ಅವನ ಶಿಷ್ಯಳಾಗಿ, ಮುಂದೆ ಅವನ ಹೆಸರನ್ನು ಯುರೋಪಿನ ತುಂಬ ಹರಡಿದಳು. 1851ರಲ್ಲಿ ಶಿಷ್ಯೆಯಾದ ಲೂಯಿಸೆ ಲೆವಿನಳನ್ನು ಫ್ರೋಬೆಲನು ವಿವಾಹವಾದನು. ಕಡೆಗೊಮ್ಮೆ ನೆಮ್ಮದಿ ಬಂದಂತೆ ತೋರುತ್ತಿತ್ತು.

ಸಿಡಿಲು ಬಡಿದುದು ಅದೇ ವರ್ಷದ ಆಗಸ್ಟ್ 7ರಂದು. ಪ್ರಷ್ಯದ ಸರಕಾರವು ತನ್ನ ರಾಜ್ಯದಲ್ಲೆಲ್ಲ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು. ನಾಸ್ತಿಕತೆಯನ್ನೂ ಸಮಾಜವಾದವನ್ನೂ ಮಕ್ಕಳಲ್ಲಿ ಬಿತ್ತುವರೆಂಬುದು ಆರೋಪ. ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನ ಬರಹವನ್ನು ಇವನದೆಂದು ಅಧಿಕಾರಿಗಳು ತಪ್ಪಾಗಿ ಎಣಿಸಿದ್ದರು. ಪಾದ್ರಿಯ ಮಗನಾಗಿ ಹುಟ್ಟಿ, ಪ್ರತಿಯೊಂದು ಚೆಂಡಿನಲ್ಲಿಯೂ ದೇವರ ಏಕತೆಯನ್ನು ಕಾಣುತ್ತಿದ್ದವನ ಮೇಲೆ ನಾಸ್ತಿಕತೆಯ ಆರೋಪ! ತಪ್ಪನ್ನು ವಿವರಿಸಿ ಬರೆದರೂ, ದೊರೆಯ ವರೆಗೆ ಮೊರೆ ಹೋದರೂ ಆಜ್ಞೆ ಹಿಂದೆ ಸರಿಯಲಿಲ್ಲ. 1852ರಲ್ಲಿ ಗೋಥಾ ನಗರದ ಉಪಾಧ್ಯಾಯರ ಸಮ್ಮೇಳನಕ್ಕೆ ಅವನು ಬಂದಾಗ ನೆರೆದವರೆಲ್ಲ ಎದ್ದು ನಿಂತು ಗೌರವಿಸಿದರು. ಅದೇ ಅವನು ಕಂಡ ಕಡೆಯ ಸಂತಸ. ಆ ವರ್ಷದ ಜೂನ್ 21ರಂದು, ತನ್ನ ಎಪ್ಪತ್ತನೆಯ ಹುಟ್ಟುಹಬ್ಬದ ಎರಡು ತಿಂಗಳ ತರುವಾಯ, ಮಾರಿಯೆನ್‌ತಾಲ್ ಎಂಬಲ್ಲಿ ಫ್ರೋಬೆಲನು ಕಾಲವಶನಾದನು. ಷ್ವೈನಾ ಗ್ರಾಮದಲ್ಲಿರುವ ಅವನ ಸಮಾಧಿಯ ಮೇಲೆ ಘನ, ಉರುಳೆ, ಗೋಲಗಳನ್ನು ಒಂದರ ಮೇಲೊಂದಾಗಿ ಕಲ್ಲಿನಲ್ಲಿ ಇರಿಸಲಾಗಿದೆ. ನಿಷೇಧವು ತೊಲಗಿದ್ದು 1860ರಲ್ಲಿ. ಅದನ್ನು ಕಾಣಲು ಅವನಿರಲಿಲ್ಲ.

ಬೀಜ ಮಾತ್ರ ಸಾಯಲಿಲ್ಲ. 1856ರಲ್ಲಿಯೇ ಅಮೆರಿಕದ ವಾಟರ್‌ಟೌನಿನಲ್ಲಿ ಮಾರ್ಗರೆಟ್ ಶುರ್ಜ್ ಎಂಬ ಅವನ ಪಂಥದ ಮಹಿಳೆಯು ಅಲ್ಲಿನ ಮೊದಲ ಮಕ್ಕಳ ತೋಟವನ್ನು ತೆರೆದಳು. ಆ ದೇಶದ ದೊಡ್ಡ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟನು ಬಾಲ್ಯದಲ್ಲಿ ತಾಯಿ ತಂದುಕೊಟ್ಟ ಫ್ರೋಬೆಲನ ಮರದ ತುಂಡುಗಳ ಋಣವನ್ನು ಮುಪ್ಪಿನಲ್ಲಿಯೂ ಸ್ಮರಿಸುತ್ತಿದ್ದನು. ಆದರೆ ಹರಡಿದಂತೆ ಕೇಡೂ ಹರಡಿತು. ಫ್ರೋಬೆಲನು ಚೆಂಡಿನಲ್ಲಿ ವಿಶ್ವದ ಏಕತೆಯನ್ನು ಕಂಡದ್ದು ಅವನ ದರ್ಶನ. ಮಗು ಕಾಣುವುದು ಚೆಂಡನ್ನೇ. ಅನುಯಾಯಿಗಳಲ್ಲಿ ಹಲವರು ಆ ದರ್ಶನವನ್ನು ಕಂಠಪಾಠ ಮಾಡಿ, ಆಟವನ್ನು ಕವಾಯತಾಗಿಸಿದರು. ಗುರುವಿನ ಅಪ್ಪಣೆಯಂತೆ ಎಲ್ಲ ಮಕ್ಕಳೂ ಏಕಕಾಲಕ್ಕೆ ಒಂದೇ ತುಂಡನ್ನು ಒಂದೇ ಕಡೆಗೆ ಸರಿಸಬೇಕು! ಸರಕಾರದ ನಿಷೇಧಕ್ಕಿಂತ ಭಕ್ತರ ಈ ಕಟ್ಟುನಿಟ್ಟೇ ಅವನ ಆಟಕ್ಕೆ ಹೆಚ್ಚಿನ ಹಾನಿಯನ್ನು ಮಾಡಿತೆಂದು ನಮಗೆ ತೋರುತ್ತದೆ. ಅಮೆರಿಕದ ಪ್ಯಾಟಿ ಸ್ಮಿತ್ ಹಿಲ್ ಮೊದಲಾದವರು ಆ ಕಟ್ಟನ್ನು ಬಿಚ್ಚಿ, ಮಕ್ಕಳು ಮೈಕೈ ಆಡಿಸಿ ಕಟ್ಟುವಂಥ ದೊಡ್ಡ ತುಂಡುಗಳನ್ನು ಮಾಡಿಸಿ ಆಟವನ್ನು ಮತ್ತೆ ಆಟವಾಗಿಸಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ 1920ರಲ್ಲಿ ತೆರೆದ ಬಾಲಮಂದಿರವೂ, 1975ರಿಂದ ಊರೂರಿಗೆ ಬಂದ ಅಂಗನವಾಡಿಗಳೂ ಎಳೆಯರ ಕಲಿಕೆಯು ಆಟದಲ್ಲಿದೆಯೆಂಬ ಅದೇ ಬಗೆಯ ನಂಬಿಕೆಯ ಮೇಲೆ ನಿಂತಿವೆ.

ಫ್ರೋಬೆಲನ ಚರಿತ್ರೆಯನ್ನು ಓದಿ ಮುಗಿಸಿದ ಮೇಲೆ ನಾವು ಆಚಾರಿಯೊಬ್ಬರಿಂದ ಹಲಸಿನ ಮರದ ಪುಟ್ಟ ತುಂಡುಗಳನ್ನು ಮಾಡಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರವನ್ನು ಬರೆಯಿಸಿದೆವು. ಪ್ರಶ್ನೆಗಳಿಲ್ಲ, ಅಂಕಗಳಿಲ್ಲ. ಫ್ರೋಬೆಲನಿಂದ ಎರವಲು ಪಡೆದ ನಿಯಮ ಒಂದೇ: ಪದವನ್ನು ಕೆಡವಕೂಡದು, ಸಲಕ್ಕೆ ಒಂದೇ ತುಂಡನ್ನು ಬದಲಿಸಿ ಇನ್ನೊಂದು ಪದವಾಗಿಸಬೇಕು. ಮಕ್ಕಳು ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಒಬ್ಬನು ತುಳುವಿನ ಪದವನ್ನು ಕಟ್ಟಿದನು. ಕೂಡದೆನ್ನಲು ನಾವು ಬಾಯಿ ತೆರೆದೆವು. ಕವಾಯತಿನ ಕಥೆ ನೆನಪಾಗಿ ಸುಮ್ಮನಾದೆವು. ಅಷ್ಟರಲ್ಲಿ ಮಕ್ಕಳೇ ತಮ್ಮೊಳಗೆ ಮಾತಾಡಿಕೊಂಡು, ತುಳು ಪದ ಕಟ್ಟಿದವನು ಮುಂದಿನ ಸರದಿಯಲ್ಲಿ ಅದರ ಕನ್ನಡವನ್ನೂ ಕಟ್ಟಬೇಕೆಂಬ ನಿಯಮವನ್ನು ಮಾಡಿದರು. ಅಂತಹ ನಿಯಮವು ನಮಗೆ ಎಂದೂ ಹೊಳೆಯುತ್ತಿರಲಿಲ್ಲ.

ಆ ದಿನ ಹೊರಗೆ ಮಳೆ ಹೊಯ್ಯುತ್ತಿತ್ತು. ರಟ್ಟಿನ ಆಟವನ್ನು ಪರೀಕ್ಷೆಯೆಂದು ಹಳಿದಿದ್ದ ಆ ಹುಡುಗಿಯು ಈಗ ಮೇಲಿನ ತರಗತಿಗೆ ಬಂದಿದ್ದಳು. ಅವಳು ಮಳೆ ಎಂದು ಇಟ್ಟಳು. ಪಕ್ಕದವನು ಅದನ್ನು ಬಳೆ ಮಾಡಿದನು. ಬಳೆ ಬಲೆಯಾಯಿತು, ಬಲೆ ಕಲೆಯಾಯಿತು, ಕಲೆ ಕರೆಯಾಯಿತು, ಕರೆಯು ಕೆರೆಯಾಯಿತು. ಮಳೆಯು ಕೆರೆಯನ್ನು ಸೇರಿತೆಂದು ಮಕ್ಕಳು ಕೈತಟ್ಟಿ ಕುಣಿದರು. ಊಟದ ಗಂಟೆ ಬಾರಿಸಿದ್ದು ಅವರಿಗೆ ಕೇಳಿಸಲಿಲ್ಲ, ನಾವೂ ಎಬ್ಬಿಸಲಿಲ್ಲ.